ಮುರ್ಡೇಶ್ವರದ ಮುಡಿಪು

ಮುಡಿಪು ಅಲಮಾರಿಯ ಮೇಲೆ ಬಂದು ಕೂತು ಅಂದಿಗೆ ಒಂಬತ್ತು ದಿನವಾಗಿತ್ತು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆ, ಒಳಗೆ ಒಂದು ತೆಂಗಿನಕಾಯಿ, ಐದು ಅಡಿಕೆ, ಅರಿಶಿನದ ಕೊಂಬು, ಮೇಲೆ ಮೂರು ಗಂಟು. ಪ್ರತಾಪ ಬೆಳಿಗ್ಗೆ ಕಣ್ಣು ತೆರೆದರೆ ಮೊದಲು ಕಾಣುತ್ತಿದ್ದುದು ಅದೇ. ಅದನ್ನು ನೆಲದ ಮೇಲೆ ಇಡಬಾರದು, ಎಂಜಲು ಕೈಯಿಂದ ಮುಟ್ಟಬಾರದು, ಮುರ್ಡೇಶ್ವರದ ದೇವರ ಮುಂದೆ ಇಡುವವರೆಗೆ ಗಂಟು ಬಿಚ್ಚಬಾರದು ಎಂದು ಕೆಳಗಿನ ಮನೆಯ ರಾಚವ್ವ ಹೇಳಿದ್ದಳು. ಇಷ್ಟು ನಿಯಮಗಳಿರುವ ವಸ್ತುವನ್ನು ಅವನು ಹದಿನೆಂಟು ವರ್ಷದ ಸರಕಾರಿ ನೌಕರಿಯಲ್ಲಿಯೂ ಕಂಡಿರಲಿಲ್ಲ. ರಾಚವ್ವ ಮನೆಯ ಮಾಲಕಿ. ಪ್ರತಾಪ, ಹೆಂಡತಿ ವಿಶಾಖಾ, ಮಗಳು ಗೌತಮಿ ಮೂವರೂ ಅವಳ ಮಹಡಿಯ ಮೇಲೆ ನಾಲ್ಕು ವರ್ಷದಿಂದ ಬಾಡಿಗೆಗಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ರಾಚವ್ವ ಮೊದಲು ಸ್ಪಷ್ಟವಾಗಿ ಕಂಡದ್ದು ಟೀವಿಯಲ್ಲಿ ಬಂದ ಮುರ್ಡೇಶ್ವರದ ದೊಡ್ಡ ಶಿವನನ್ನು. ಆಗಲೇ ಬೇಡಿಕೊಂಡಳಂತೆ. ಆದರೆ ಮೊಣಕಾಲು ಅಷ್ಟು ದೂರ ಹೋಗಲು ಒಪ್ಪುತ್ತಿರಲಿಲ್ಲ. ಒಂದು ಸಂಜೆ ಮೆಟ್ಟಿಲ ಕೆಳಗೆ ಸಿಕ್ಕ ಪ್ರತಾಪ, ಮಾತಿಗೆ ಮಾತು ಎಂದು, ದೀಪಾವಳಿ ಸೂಟಿಗೆ ಸಮುದ್ರ ನೋಡಲು ಹೋಗಬೇಕೆಂದಿದ್ದೇವೆ ಎಂದ. "ಮುರ್ಡೇಶ್ವರಕ್ಕೇನ್ರಿ?" ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಅವನ ಬಾಯಿ ಅವನನ್ನು ಕೇಳದೆಯೇ "ಹೌದ್ರಿ" ಎಂದುಬಿಟ್ಟಿತು. ಮರುದಿನ ಮುಡಿಪು ಬಂತು.

ಮನೆಯಲ್ಲಿ ಮಾತಾಗಿದ್ದುದು ಮಹಾರಾಷ್ಟ್ರದ ಕರಾವಳಿಯ ಮಾಲವಣದ್ದು. ವಿಶಾಖಾಳ ಚಿಕ್ಕಮ್ಮನ ಮಗಳು ಪೂನಮ ಸೊಲ್ಲಾಪುರದಿಂದ ಅಲ್ಲಿಗೆ ಹೋಗಿಬಂದು, ಸಮುದ್ರದ ನಡುವೆ ಕೋಟೆ ಇದೆ, ದೋಣಿಯಲ್ಲಿ ಕರೆದೊಯ್ಯುತ್ತಾರೆ, ತಾಟಿನಲ್ಲಿ ಮೂರು ನಮೂನೆಯ ಮೀನು ಕೊಡುತ್ತಾರೆ ಎಂದು ಫೋನಿನಲ್ಲಿ ಅರ್ಧ ತಾಸು ಹೇಳಿದ್ದಳು. ಗೌತಮಿ ಆ ಊರಿನ ಓಣಿಗಳನ್ನೆಲ್ಲ ಮೊಬೈಲಿನಲ್ಲಿ ನೋಡಿ ಬಾಯಿಪಾಠ ಮಾಡಿದ್ದಳು. ಅಲ್ಲಿ ಯಾರಿಗೂ ಇವರ ಗುರುತಿಲ್ಲ. ಇವರ ಓಣಿಯಿಂದ ಯಾರೂ ಅಲ್ಲಿಗೆ ಹೋದದ್ದಿಲ್ಲ. ಮುರ್ಡೇಶ್ವರದ ಮಾತು ಬೇರೆ. ವಿಜಯಪುರದ ಜಲನಗರದ ಈ ಓಣಿಯ ಪ್ರತಿ ಮನೆಯ ಗೋಡೆಯ ಮೇಲೂ ಅದರ ಫೋಟೋ ಇತ್ತು. ದೇವರ ತಲೆ ಚೌಕಟ್ಟಿನೊಳಗೆ ಬಂದಿದ್ದರೆ ಮನೆಯವರ ಕಾಲು ಇರುತ್ತಿರಲಿಲ್ಲ, ಮನೆಯವರ ಕಾಲು ಬಂದಿದ್ದರೆ ದೇವರಿಗೆ ತಲೆ ಇರುತ್ತಿರಲಿಲ್ಲ. ಅಲ್ಲಿ ಸಮುದ್ರವೂ ಇತ್ತು, ಆದರೆ ಹೋಗಿಬಂದವರು ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ದರ್ಶನಕ್ಕೆ ಎಷ್ಟು ಹೊತ್ತು ನಿಂತೆವು ಎಂದು ಹೇಳುತ್ತಿದ್ದರು. ಒಂದು ಊರಿಗೆ ಹೋದರೆ ಅವನು ಮಗಳ ಮುಖ ನೋಡಬಹುದಿತ್ತು, ಇನ್ನೊಂದಕ್ಕೆ ಹೋದರೆ ರಾಚವ್ವನ ಮುಖ. ಎರಡನ್ನೂ ನೋಡುವಂಥ ಊರು ನಕ್ಷೆಯಲ್ಲಿರಲಿಲ್ಲ. ನಕ್ಷೆಯ ವಿಷಯದಲ್ಲಿ ಅವನು ತಿಳಿದವನೇ, ಬಬಲೇಶ್ವರದಲ್ಲಿ ಸರ್ವೆಯರ್.

ಇದರ ಮೂಲ ಆ ಮನೆ ಸಿಕ್ಕ ರೀತಿಯಲ್ಲಿತ್ತು. ಪ್ರತಾಪನ ಅಜ್ಜನ ಕಾಲಕ್ಕೇ ಅವರ ಮನೆತನ ಹಳೆಯ ದೇವರುಗಳನ್ನು ಬಿಟ್ಟು ಬುದ್ಧನ ಕಡೆಗೆ ಬಂದಿತ್ತು. ಆದರೆ ಹುಟ್ಟೂರು ಕಳ್ಳಕವಟಗಿಯಲ್ಲಿ ಅವರ ಕೇರಿ ಇದ್ದಲ್ಲೇ ಇತ್ತು, ಊರಿನ ಹೊರಗೆ. ವಿಜಯಪುರಕ್ಕೆ ಬಂದು ಮನೆ ಹುಡುಕುವಾಗ ಏಳು ಮನೆಗಳ ಬಾಗಿಲಲ್ಲಿ ಒಂದೇ ಪ್ರಶ್ನೆ ಎದುರಾಗಿತ್ತು, "ನೀವು ಯಾರ ಪೈಕಿರಿ?" ಏಳು ಕಡೆಯೂ ಅವನು ನಿಜ ಹೇಳಿದ. ಏಳು ಕಡೆಯೂ ಮನೆ ಅದೇ ಹೊತ್ತಿಗೆ ಬೇರೆಯವರಿಗೆ ಮಾತಾಗಿಬಿಟ್ಟಿರುತ್ತಿತ್ತು. ಎಂಟನೆಯದು ರಾಚವ್ವನ ಮನೆ. "ಯಾರ ಪೈಕಿರಿ?" ಎಂದಾಗ ಅವನು "ಸರ್ವೆ ಇಲಾಖೆರಿ" ಎಂದ. ಅವಳು ಸ್ವಲ್ಪ ಹೊತ್ತು ಅವನನ್ನು ನೋಡಿ ಕೀಲಿಕೈ ಕೊಟ್ಟಳು. ಸುಳ್ಳು ಹೇಳಿರಲಿಲ್ಲ. ಆದರೆ ಹೇಳದೆ ಬಿಟ್ಟದ್ದನ್ನು ಕಾಯಲು ಆಮೇಲೆ ದಿನವೂ ದುಡಿಯಬೇಕಾಯಿತು. "ಮನ್ಯಾಗ ಮಾಂಸಾ ಗೀಂಸಾ ಮಾಡೂದಿಲ್ಲಲ್ರಿ?" ಎಂದು ಅವಳು ಕೇಳಿದ್ದಕ್ಕೆ ಇಲ್ಲ ಎಂದಿದ್ದರೆ ಸಾಕಿತ್ತು, ಇವನು ಉತ್ಸಾಹದಲ್ಲಿ "ಉಳ್ಳಾಗಡ್ಡಿನೂ ಕಡಿಮಿರಿ" ಎಂದುಬಿಟ್ಟ. ಆಮೇಲೆ ಎಷ್ಟೋ ತಿಂಗಳು ಉಳ್ಳಾಗಡ್ಡಿಯನ್ನು ನಕ್ಷೆಗಳ ಚೀಲದ ತಳದಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದ. ಬೆಳಿಗ್ಗೆ ಇಳಿಯುವ ಮುಂಚೆ ಬಾಗಿಲ ಹಿಂದಿನ ಡಬ್ಬಿಯಿಂದ ಹಣೆಗೆ ವಿಭೂತಿ ಎಳೆದುಕೊಳ್ಳುತ್ತಿದ್ದ. ಬಸ್ ನಿಲ್ದಾಣದಲ್ಲಿ ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದ, ಯಾಕೆಂದರೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಅಲ್ಲಿ ಅದು ಕಡತದಲ್ಲಿದೆ. ಬುದ್ಧನ ಮೂರ್ತಿಗೆ ಮಾತ್ರ ತೊಂದರೆಯಾಗಲಿಲ್ಲ. ಈಗ ಎಲ್ಲರ ಮನೆಯ ಟೀವಿ ಪಕ್ಕದಲ್ಲೂ ಶೋಕಿಗೆ ಒಬ್ಬ ಬುದ್ಧ ಇರುವುದರಿಂದ, ಅವನು ತನ್ನ ಬುದ್ಧನನ್ನು ನಡುಮನೆಯಲ್ಲೇ ಇಟ್ಟು ಧೈರ್ಯವಾಗಿ ಓಡಾಡಿದ. ಬಾಬಾಸಾಹೇಬರ ಫೋಟೋ ಒಳಗಿನ ಕೋಣೆಗೆ ಹೋಯಿತು. ಮಗಳನ್ನು ಓಣಿಯಲ್ಲಿ ಕರೆಯುವಾಗ ಗೌತಮಿ ಎನ್ನದೆ ಗೌರಿ ಎನ್ನುತ್ತಿದ್ದ. ಮೊದಲ ಸಲ ಹಾಗೆ ಕೂಗಿದಾಗ ಅವಳಿಗೆ ಹದಿಮೂರು ವರ್ಷ. ಒಂದು ಕ್ಷಣ ನಿಂತು ನೋಡಿ, ಓಗೊಟ್ಟು ಬಂದಿದ್ದಳು. ಆ ಒಂದು ಕ್ಷಣದ ನೋಟ ಅವನಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಇದೆಲ್ಲ ಅವಳಿಗಾಗಿಯೇ, ಅವಳ ಕಾಲೇಜು ಇಲ್ಲಿಂದ ಎರಡು ಓಣಿ ದಾಟಿದರೆ ಸಿಗುತ್ತದೆ, ಎಂದು ಅವನು ಆಗೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

"ಪಪ್ಪಾ, ಇದು ನಮ್ಮ ಸೂಟಿನೋ, ರಾಚವ್ವ ಆಯಿ ಸೂಟಿನೋ?" ಎಂದು ಗೌತಮಿ ಆ ಬೆಳಿಗ್ಗೆ ಕೇಳಿದಳು. ಸಿಟ್ಟಿನಿಂದಲ್ಲ, ಬಸ್ಸಿನ ವೇಳೆ ಕೇಳಿದಂತೆ ಕೇಳಿದಳು. ಸೀಟುಗಳು ಮುಗಿಯುತ್ತಿವೆ, ಸಂಜೆ ಆರರೊಳಗೆ ಯಾವ ಊರೆಂದು ಹೇಳದಿದ್ದರೆ ಎರಡೂ ಇಲ್ಲ ಎಂದಳು. ವಿಶಾಖಾ ತಿಕೋಟಾದ ಆಸ್ಪತ್ರೆಗೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ನರ್ಸ್ ಸೀರೆಯಲ್ಲಿ ನಿಂತುಕೊಂಡೇ ಚಹಾ ಕುಡಿಯುತ್ತಿದ್ದಳು. ಅವಳು ಮುಡಿಪಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ಕಪ್ಪು ತೊಳೆದಿಟ್ಟಳು. ಪ್ರತಾಪ, ಎರಡೂ ಕಡೆ ಇರುವುದು ಅದೇ ಸಮುದ್ರ ತಾನೇ ಎಂದ. ಮುಡಿಪು ತಿರುಗಿ ಕೊಡಬಹುದು, ಆದರೆ ಯಾಕೆ ಎಂದು ರಾಚವ್ವ ಕೇಳುತ್ತಾಳೆ. ಯಾಕೆ ಎಂಬುದಕ್ಕೆ ಉತ್ತರ ಕೊಟ್ಟರೆ ಮನೆ ಹೋಗುತ್ತದೆ. ಮನೆ ಹೋದರೆ ಮತ್ತೆ ಬಾಗಿಲು ಬಾಗಿಲು ತಿರುಗಬೇಕು, ಈ ಸಲ ಪಕ್ಕದಲ್ಲಿ ಎಲ್ಲ ತಿಳಿಯುವ ಹದಿನೇಳು ವರ್ಷದ ಮಗಳನ್ನು ನಿಲ್ಲಿಸಿಕೊಂಡು, ಅದೂ ಮಾರ್ಚಿನ ಪರೀಕ್ಷೆ ಎದುರಿಗಿರುವಾಗ. ಇಷ್ಟನ್ನೂ ಬಾಯಿಬಿಟ್ಟು ಹೇಳುವ ಬದಲು ಅವನು ಬಾಗಿಲ ಹಿಂದೆ ಹೋಗಿ ವಿಭೂತಿ ಹಚ್ಚಿಕೊಂಡ. ಅವನ ಬೆನ್ನಿನ ಹಿಂದೆ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡದ್ದು ಅವನಿಗೆ ಗೊತ್ತಾಯಿತು.

ಬಬಲೇಶ್ವರದ ಬಸ್ಸಿನಲ್ಲಿ ಕಿಡಕಿಯ ಪಕ್ಕ ಸೀಟು ಸಿಕ್ಕಿತು. ರಸ್ತೆಯ ಎರಡೂ ಬದಿಗೆ ತೊಗರಿ ಎದೆಯುದ್ದ ನಿಂತಿತ್ತು. ಸಮುದ್ರ ಹೇಗಿರಬಹುದು ಎಂದು ಯೋಚಿಸಲು ಹೋದರೆ ಅವನಿಗೆ ಕಂಡದ್ದು ಬನಶಂಕರಿಯ ಹೊಂಡ. ಏಳನೆಯ ಇಯತ್ತೆಯಲ್ಲಿ ಸಾಲೆಯವರು ಬಾದಾಮಿಗೆ ಟ್ರಿಪ್ಪು ಒಯ್ದಿದ್ದರು. ಗುಡಿಯ ಮುಂದೆ ಇಳಿದ ಕೂಡಲೇ, ಇನ್ನೂ ಯಾರೂ ಏನೂ ಅನ್ನುವ ಮೊದಲೇ, "ಚಪ್ಪಲಿ ನಾ ಕಾಯ್ತೇನ್ರಿ ಸರ್" ಎಂದಿದ್ದ ಅವನು. ಒಳಗೆ ಬರಬೇಡ ಎಂದು ಯಾರೂ ಅಂದಿರಲಿಲ್ಲ. ಅನ್ನುತ್ತಿದ್ದರೋ ಇಲ್ಲವೋ, ಅದು ಈಗ ತಿಳಿಯುವ ಹಾಗೂ ಇಲ್ಲ. ಅವನು ತಿಳಿಯಲು ಅವಕಾಶವನ್ನೇ ಕೊಡಲಿಲ್ಲ. ನಲವತ್ತೆರಡು ಜೊತೆ ಚಪ್ಪಲಿಗಳನ್ನು ಸಾಲು ಹಚ್ಚಿ, ಸಣ್ಣವು ಮುಂದೆ ದೊಡ್ಡವು ಹಿಂದೆ ಇಟ್ಟು, ಹೊಂಡದ ನೀರು ನೋಡುತ್ತ ಕೂತ. ತಿರುಗಿ ಬಂದ ಮಾಸ್ತರರು ಎಲ್ಲರೆದುರಿಗೆ, ಕಲಿತರೆ ಈ ಹುಡುಗನ ಹಂಗ ಸೇವಾ ಮಾಡೂದು ಕಲೀರಿ ಎಂದು ಬೆನ್ನು ತಟ್ಟಿದರು. ಅವನಿಗೆ ಹೆಮ್ಮೆಯಾಗಿತ್ತು. ಇವತ್ತಿಗೂ ನಾಚಿಕೆಯಾಗುವುದು ಹೊರಗೆ ಕೂತದ್ದಕ್ಕಲ್ಲ, ಆ ಹೆಮ್ಮೆಗೆ. ಕಂಡಕ್ಟರ್ ಚಿಲ್ಲರೆ ಕೇಳಿದಾಗ ಹಣೆ ಒರೆಸಿಕೊಳ್ಳುವುದು ಮರೆತಿದ್ದೇನೆಂದು ಗೊತ್ತಾಗಿ ಕರವಸ್ತ್ರ ತೆಗೆದ.

ಆ ದಿನ ಕಾಖಂಡಕಿಯಲ್ಲಿ ಹದ್ದುಬಸ್ತಿನ ಕೆಲಸ. ಹಣಮಂತ, ಸೋಮು ಎಂಬ ಇಬ್ಬರು ರೈತರ ಹೊಲಗಳ ನಡುವಿನ ಗಡಿ ಯಾವುದು ಎಂದು ಅಳೆದು ಕಲ್ಲು ನೆಡಿಸುವುದು. ಮೊದಲಾದರೆ ಸರಪಳಿ ಎಳೆಯಬೇಕಿತ್ತು. ಈಗ ಕೋಲಿನ ತುದಿಗೆ ಯಂತ್ರ ಕೂಡಿಸಿ ನಿಂತರೆ, ಆಕಾಶದ ಉಪಗ್ರಹಗಳನ್ನೆಲ್ಲ ವಿಚಾರಿಸಿ ನೀನು ನಿಂತಿರುವುದು ಇಲ್ಲಿ ಎಂದು ಅದೇ ಹೇಳುತ್ತದೆ. ಹೊಲದಲ್ಲಿ ಪ್ರತಾಪ ಬೇರೆ ಮನುಷ್ಯ. ಇಲ್ಲಿ ಎಂದರೆ ಇಲ್ಲಿ, ಅಲ್ಲಿ ಎಂದರೆ ಅಲ್ಲಿ. ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತ ಹೊಲಗಳಲ್ಲೂ ಅವನ ಧ್ವನಿ ನಡುಗಿದ್ದಿಲ್ಲ. ಹನ್ನೊಂದು ಗಂಟೆಗೆ ಹಣಮಂತನ ತಾಯಿ ಸಕ್ರವ್ವ ಚಹಾ ತಂದಳು, ಕಾಗದದ ಕಪ್ಪಿನಲ್ಲಿ. ಕಾಗದದ ಕಪ್ಪು ಬಂದ ಮೇಲೆ ಅವನಿಗೆ ಯಾವುದೂ ತಿಳಿಯದಂತಾಗಿತ್ತು. ಅವನಪ್ಪನ ಕಾಲದಲ್ಲಿ ಕಪ್ಪು ಬೇರೆ ಇರುತ್ತಿತ್ತು, ಗೂಡಿನಲ್ಲಿ ಬೋರಲಾಗಿ ಇಟ್ಟಿರುತ್ತಿದ್ದರು, ನೋಡಿದರೆ ಗೊತ್ತಾಗುತ್ತಿತ್ತು. ಈಗ ಎಲ್ಲರಿಗೂ ಕಾಗದದ ಕಪ್ಪು. ಇದು ತನಗಾಗಿಯೋ ಅಥವಾ ಸಾಹೇಬರೆಂಬ ಮರ್ಯಾದೆಗಾಗಿಯೋ ಅಥವಾ ತೊಳೆಯುವ ಬೇಸರಕ್ಕಾಗಿಯೋ? ಹಣಮಂತನ ಕೈಯಲ್ಲೂ ಕಾಗದದ ಕಪ್ಪೇ ಇತ್ತು. ಸೋಮುವಿನ ಕೈಯಲ್ಲಿ ಸ್ಟೀಲಿನ ಲೋಟ ಇತ್ತು, ಆದರೆ ಸೋಮು ಅದನ್ನು ತನ್ನ ಮನೆಯಿಂದ ತಂದಿದ್ದ, ಯಾಕೆಂದರೆ ಹಣಮಂತನ ಮೇಲೆ ಸಿಟ್ಟಿತ್ತು. ಪ್ರತಾಪ ಇದೆಲ್ಲವನ್ನೂ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಚಹಾ ಆರಿತ್ತು. ಊಟದ ಹೊತ್ತಿಗೆ, ಯಾರೂ ಕರೆಯುವ ಮೊದಲೇ, ಅವನು ತನ್ನ ಡಬ್ಬಿ ತೆಗೆದುಕೊಂಡು ಬೇವಿನ ಮರದ ಕೆಳಗೆ ಹೋಗಿ ಕೂತ.

ಅವರು ಬಿಡಲಿಲ್ಲ. ಬುತ್ತಿ ಗಂಟು ಹಿಡಿದುಕೊಂಡು ಅಲ್ಲಿಗೇ ಬಂದು ಕೂತರು. ಹಣಮಂತ ಸೂಟಿಯ ಮಾತು ತೆಗೆದ. "ದೀಪಾವಳಿಗೆ ಎಲ್ಲಿ ಹೊಂಟೀರಿ ಸಾಹೇಬ್ರ?"

"ಮುರ್ಡೇಶ್ವರಕ್ಕರಿ" ಎಂದ ಪ್ರತಾಪ. ಒಂಬತ್ತು ದಿನಗಳಲ್ಲಿ ಅದು ರೂಢಿಯಾಗಿಬಿಟ್ಟಿತ್ತು.

"ಛಲೋ ಆತು. ಹ್ವಾದ ವರ್ಷ ನಾವೂ ಹೋಗಿದ್ವಿ. ಮೊದಲ ಹೋಗೀರೇನು? ಲಿಫ್ಟಿನ್ಯಾಗ ಗೋಪುರ ಹತ್ತೀರಿ?"

"ಹತ್ತೇನ್ರಿ. ಮ್ಯಾಲ ಗಾಳಿ ಭಾಳ."

ಹಣಮಂತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದ. "ಮ್ಯಾಲ ಬರೇ ಸಣ್ಣ ಕಿಡಕಿ ಅದಾವಲ್ರಿ. ಗಾಳಿ ಎಲ್ಲಿಂದ ಬಂತು?"

"ನಾವು ಹೋದಾಗ ತಗದಿದ್ರು" ಎಂದ ಪ್ರತಾಪ.

ಸೋಮು ಮುಖ ಬೇರೆ ಕಡೆ ತಿರುಗಿಸಿದ. ನಕ್ಕನೋ ಏನೋ. ಹಣಮಂತ ಮಾತ್ರ ನಂಬಿದ, ಅಥವಾ ನಂಬಿದಂತೆ ಮಾಡುವಷ್ಟು ಒಳ್ಳೆಯವನಿದ್ದ. "ಹಂಗಾರ ನಮ್ಮದೂ ಒಂದು ಕಾಯಿ ಒಯ್ದುಬಿಡ್ರಿ. ನಮ್ಮ ಎಮ್ಮಿ ಹಗುರ ಈದರ ಕೊಡ್ತೇನಿ ಅಂತ ಬೇಡ್ಕೊಂಡಿದ್ದೆ. ಯವ್ವಾ, ಮನ್ಯಾಗ ಕಾಯಿ ಐತೇನ ಬೇ?" ಎಂದ. ಸಕ್ರವ್ವ ಕೈ ಕೊಡವಿಕೊಂಡು ಏಳತೊಡಗಿದಳು. ಆಗ ಪ್ರತಾಪನಿಗೆ ಅಲಮಾರಿಯ ಮೇಲೆ ಎರಡನೆಯ ಹಳದಿ ಗಂಟು ಕಂಡಿತು. ಅದರ ಪಕ್ಕ ಸೋಮುವಿನದು, ಆಮೇಲೆ ಸೋಮುವಿನ ಬೀಗರದು, ನಾಳೆ ಬಬಲೇಶ್ವರದ ಸಂತೆಯಲ್ಲಿ ಸಿಗುವವರದು, ಹೀಗೆ ಅವನು ತಾಲೂಕಿನ ಕಾಯಿಗಳನ್ನೆಲ್ಲ ಹೊತ್ತು, ತಾನು ನಂಬದ ದೇವರ ಬಾಗಿಲಿಗೆ, ತನಗೆ ಬೇಡವಾದ ಊರಿಗೆ, ಹೆಂಡತಿ ಮಗಳನ್ನು ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ. ಭಯವಾದದ್ದು ಹೌದು, ಆದರೆ ಭಯಕ್ಕಿಂತ ಹೆಚ್ಚಾಗಿ ಸಾಕುಸಾಕಾಯಿತು.

"ಬ್ಯಾಡ್ರಿ. ನಾವು ಮುರ್ಡೇಶ್ವರಕ್ಕ ಹೊಂಟಿಲ್ಲ" ಎಂದ.

"ಈಗ ಅಂದ್ರೆಲ್ಲ?"

"ಮಾಲವಣಕ್ಕ ಹೊಂಟೀವಿ."

"ಅಲ್ಲಿ ಯಾವ ದೇವರು ಐತ್ರಿ?"

"ದೇವರಿಗಲ್ಲ. ಮೀನ ತಿನ್ನಾಕ."

ಸಕ್ರವ್ವ ಅರ್ಧ ಎದ್ದವಳು ತಿರುಗಿ ಕೂತಳು. "ಮುಳ್ಳು ನೋಡ್ಕೊಂಡು ತಿನ್ರಿ ಯಪ್ಪಾ" ಎಂದಳು. ಹಣಮಂತ ಇನ್ನೊಂದು ರೊಟ್ಟಿ ಮುರಿದ. ಸೋಮು ಕಲ್ಲು ಎಷ್ಟೊತ್ತಿಗೆ ನೆಡುತ್ತೀರಿ ಎಂದು ಕೇಳಿದ. ಇಷ್ಟೇ ಆಯಿತು. ಪ್ರತಾಪ ಕೋಲು ಹಿಡಿದು ಬದುವಿನ ಮೇಲೆ ನಿಂತಾಗ ಅವನಿಗೆ ಸಂತೋಷವಾಗಿತ್ತು. ಆದರೆ ಮಧ್ಯಾಹ್ನದ ಬಿಸಿಲು ಇಳಿಯುವಷ್ಟರಲ್ಲಿ ಅದನ್ನೂ ಅವನು ಅನುಮಾನಿಸತೊಡಗಿದ. ಇವರ ಮನೆಯಲ್ಲಿ ತಾನು ಬಾಡಿಗೆಗಿಲ್ಲ. ಇವರು ಬೇಕಾದರೆ ಹೊಲ ಬಿಡಿಸಬಹುದು, ಮನೆ ಬಿಡಿಸಲಾರರು. ಹೊಲ ಅವರದೇ. ಎಲ್ಲಿ ಏನೂ ಕಳೆದುಕೊಳ್ಳುವುದಿಲ್ಲವೋ ಅಲ್ಲಿ ನಿಜ ಹೇಳಿ ಬಂದು ಬಸ್ಸು ಹತ್ತುವುದು ಯಾವ ದೊಡ್ಡ ಮಾತು? ನಿಜ ಹೇಳಬೇಕಾದದ್ದು ಮೆಟ್ಟಿಲ ಕೆಳಗೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ರಾಚವ್ವನಿಗೆ ಹೇಳಬೇಕಾದ ಮಾತನ್ನು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಕೊನೆಗೆ ಅದು ಮೂರು ವಾಕ್ಯಕ್ಕೆ ಇಳಿಯಿತು. ಮೂರನೆಯದರಲ್ಲಿ ಕ್ಷಮಿಸ್ರಿ ಎಂದಿತ್ತು. ಯಾವುದಕ್ಕೆ ಕ್ಷಮಿಸಬೇಕು ಎಂದು ಯೋಚಿಸಿ, ಗೋಳಗುಮ್ಮಟದ ತಲೆ ಕಾಣುವ ಹೊತ್ತಿಗೆ ಅದನ್ನು ಕಿತ್ತುಹಾಕಿದ.

ಐದೂವರೆಗೆ ಮನೆ ಮುಟ್ಟಿದ. ರಾಚವ್ವ ಅಂಗಳದ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಅವನು ತಲೆ ತಗ್ಗಿಸಿ ಮೇಲೆ ಹೋದ. ಗೌತಮಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಯಾರನ್ನೂ ಮಾತಾಡಿಸದೆ ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡ. ತಿರುಗಿ ಕೊಡುವಾಗಲೂ ಎಂಜಲು ಕೈಯಿಂದ ಮುಟ್ಟಬಾರದಲ್ಲ ಎಂದು ಇನ್ನೊಮ್ಮೆ ತೊಳೆದುಕೊಂಡ. ಸ್ಟೂಲು ಹಾಕಿ ಮುಡಿಪು ಇಳಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ. ಹದಿನಾಲ್ಕು ಮೆಟ್ಟಿಲು. ಏಳನೆಯದರಲ್ಲಿ ಒಮ್ಮೆ ನಿಂತ.

"ಆಯಿ, ಇದನ್ನ ಒಯ್ಯಾಕ ನನ್ನಿಂದ ಆಗೂದಿಲ್ರಿ."

ರಾಚವ್ವ ಮೊರದಿಂದ ತಲೆ ಎತ್ತಿದಳು. "ಯಾಕ್ರಿ, ಹೋಗೂದು ರದ್ದಾತೇನು?"

"ಹೋಗ್ತೀವ್ರಿ. ಬ್ಯಾರೆ ಊರಿಗೆ. ಗುಡಿಗೆ ಹೋಗೂ ಮಂದಿ ಅಲ್ಲ ನಾವು. ನಾವು ಬೌದ್ಧರ್ರಿ. ಕಳ್ಳಕವಟಗಿ ಕೇರಿಯವರು. ನೀವು ಮನಿ ಕೊಡೂ ಮುಂದ ಕೇಳಿದ್ರಿ, ನಾನಽ ಹೇಳಲಿಲ್ಲ." ಧ್ವನಿ ತಾನು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂದಿತ್ತು. ಎದುರು ಮನೆಯ ಕಿಡಕಿಯಲ್ಲಿ ಯಾರೋ ಇದ್ದಂತಾಯಿತು.

ರಾಚವ್ವ ಮೊರದಿಂದ ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದಳು. "ಗೊತ್ತೈತಲ್ರಿ. ನ‌ರ್ಸಬಾಯಿ ಬಂದ ವಾರದಾಗಽ ಹೇಳ್ಯಾರ. ನನಗ ಬಿಪಿ ನೋಡಾಕ ಬಂದಿದ್ರು, ನಾ ಕೇಳಿದೆ, ಹೇಳಿದ್ರು."

ಅವನು ಮುಡಿಪು ಹಿಡಿದುಕೊಂಡೇ ನಿಂತ. ನಾಲ್ಕು ವರ್ಷ ಕೈ ಚಾಚಿ ಒತ್ತಿ ಹಿಡಿದ ಬಾಗಿಲಿಗೆ ಆ ಕಡೆ ಯಾರೂ ಇರಲಿಲ್ಲ. ಏನು ಕೇಳಬೇಕೆಂದು ತಿಳಿಯದೆ ಎಲ್ಲಕ್ಕಿಂತ ಸಣ್ಣದನ್ನು ಕೇಳಿದ. "ಮತ್ತ ಇದನ್ನ ನನ್ನ ಕೈಯಾಗ ಯಾಕ ಕೊಟ್ಟ್ರಿ?"

"ನೀವು ದಿನಾ ವಿಭೂತಿ ಹಚ್ಕೊಂಡು ಇಳೀತಿದ್ರಿ. ಮನ್ಯಾಗ ಅವರಿಗೆ ಬ್ಯಾಡಾದರೂ ನಿಮಗೊಬ್ಬರಿಗೆ ದೇವರ ಮ್ಯಾಲ ಭಕ್ತಿ ಐತಿ ಅಂತ ತಿಳಕೊಂಡೆ. ಒಬ್ಬೊಬ್ಬರ ಮನಸ್ಸು ಒಂದೊಂದು ನಮೂನಿ ಇರತೈತಿ, ನಾ ಯಾಕ ಕೆದಕಲಿ?" ಎಂದು ಅವಳು ಸೆರಗು ಒಡ್ಡಿದಳು. ಅವನು ಮುಡಿಪನ್ನು ಸೆರಗಿಗೆ ಹಾಕಿದ. ಸೆರಗು ಒಡ್ಡಿದ್ದು ಮುಡಿಪಿನ ಮರ್ಯಾದೆಗೋ ಅಥವಾ ಅವನ ಕೈ ತಾಗದಿರಲೆಂದೋ, ನಾಲ್ಕು ವರ್ಷ ಅವಳು ಒಮ್ಮೆಯೂ ಮಹಡಿ ಹತ್ತದೇ ಇದ್ದದ್ದು ಮೊಣಕಾಲಿಗೋ ಅಥವಾ ಮತ್ತೊಂದಕ್ಕೋ, ಅವನಿಗೆ ಗೊತ್ತಾಗಲಿಲ್ಲ. ಇನ್ನು ಮೇಲೂ ಗೊತ್ತಾಗುವುದಿಲ್ಲ ಎಂಬುದಷ್ಟೇ ಗೊತ್ತಾಯಿತು. "ನಮ್ಮ ತಂಗಿ ಮಗ ಮಲ್ಲಿನಾಥ ಕಾರ್ತೀಕದಾಗ ಹೊಂಟಾನ. ಅವನ ಕೈಯಾಗ ಕಳಸ್ತೇನಿ" ಎಂದಳು.

"ಮನಿ ಬಿಡಬೇಕೇನ್ರಿ?"

"ಯಾಕ? ನಿಮಗ ಬ್ಯಾಡಾಗೇತೇನು?" ಎಂದು ಅವಳು ಮೊರ ಎತ್ತಿಕೊಂಡಳು. ಆಮೇಲೆ ಎದುರು ಕಿಡಕಿಯ ಕಡೆ ನೋಡಿ ದನಿ ಇಳಿಸಿದಳು. "ಇಷ್ಟು ಜೋರಾಗಿ ಮಾತ್ರ ಮಾತಾಡಬ್ಯಾಡ್ರಿ. ಓಣ್ಯಾಗ ಕೇಳತೈತಿ."

ಮೇಲೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವನು ಹೆಂಡತಿಯ ಕೈಗಳನ್ನು ನೋಡಿದ. ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ ಮೇಲೆ ನೀರು ಸವರಿದಳು. "ನೀ ಹೇಳಿದ್ದೆ?" ಎಂದ.

"ಹೂಂ. ಕೇಳಿದ್ರು, ಹೇಳಿದೆ."

"ನನಗ ಯಾಕ ಹೇಳಲಿಲ್ಲ?"

"ಹೇಳಬೇಕಂತ ಬಂದೆ. ಅಷ್ಟರಾಗ ನೀವು ವಿಭೂತಿ ಡಬ್ಬಿ ತಂದಿದ್ರಿ, ಫೋಟೋ ಒಳಗ ಇಟ್ಟಿದ್ರಿ, ಅಷ್ಟೆಲ್ಲ ಬಂದೋಬಸ್ತ್ ಮಾಡಿ ಖುಷಿಲೆ ಕುಂತಿದ್ರಿ. ಮನಿ ಹುಡುಕಾಕ ಹತ್ತಿ ಎಂಟು ತಿಂಗಳಿಗೆ ಮೊದಲ ಸಲ ಹೊಟ್ಟಿ ತುಂಬ ಉಂಡ್ರಿ ಆವತ್ತು. ನನಗ ಬಾಯಿ ಬರಲಿಲ್ಲ." ರೊಟ್ಟಿ ತಿರುವಿ ಹಾಕಿದಳು. "ಆಮ್ಯಾಲ ದಿನ ಹೋದಂಗ ಹೇಳೂದು ಇನ್ನಷ್ಟು ವಜ್ಜಾತು."

"ಗೌತಮಿಗೆ?"

"ಆಕಿ ಮುಂದಽ ಹೇಳಿದ್ದು. ನನ್ನ ಜೋಡಿ ಆಕಿನೂ ಕೆಳಗ ಬಂದಿದ್ಲು."

ಅವನು ಚೌಕಟ್ಟಿಗೆ ಒರಗಿದ. ಹಾಗಾದರೆ ಓಣಿಯಲ್ಲಿ ಬೇರೆ ಹೆಸರಿಗೆ ಅವಳು ಓಗೊಟ್ಟದ್ದು ಮನೆ ಉಳಿಯಲೆಂದಲ್ಲ, ಅಪ್ಪನಿಗೆ ನೋವಾಗದಿರಲೆಂದು. ಇವರಿಬ್ಬರಿಗಾಗಿ ತಾನು ಹೊತ್ತಿದ್ದೇನೆ ಎಂದುಕೊಂಡ ಭಾರವನ್ನು ನಾಲ್ಕು ವರ್ಷ ಇವರಿಬ್ಬರು ತನಗಾಗಿ ಹೊತ್ತಿದ್ದರು. ಅವನಿಗೆ ಸಮಾಧಾನವಾಗಬೇಕಿತ್ತು. ಆದದ್ದು ಸಿಟ್ಟು, ಅದೂ ಯಾರ ಮೇಲೆ ಎಂದು ತಿಳಿಯದ ಸಿಟ್ಟು, ಅದರ ಹಿಂದೆಯೇ ಮುಖ ಮುಚ್ಚಿಕೊಳ್ಳುವಂಥ ನಾಚಿಕೆ. ಸುಟ್ಟ ರೊಟ್ಟಿಯ ವಾಸನೆ ಬಂತು. ವಿಶಾಖಾ ಅದನ್ನು ತೆಗೆದು ತನ್ನ ತಾಟಿಗೆ ಇಟ್ಟುಕೊಂಡಳು.

ಆದರೂ ಕೈಯಲ್ಲಿ ಒಂದು ಸುದ್ದಿ ಉಳಿದಿತ್ತು. ಅದನ್ನಾದರೂ ಮಗಳಿಗೆ ನೆಟ್ಟಗೆ ಹೇಳಬೇಕೆಂದು ಕೋಣೆಗೆ ಹೋದ. ಗೌತಮಿ ಮಂಚದ ಮೇಲೆ ಪುಸ್ತಕ ಹರವಿಕೊಂಡು ಕೂತಿದ್ದಳು, ಪಕ್ಕದಲ್ಲಿ ಮೊಬೈಲು. ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

"ಮಾಲವಣಕ್ಕ ಹೋಗೂಣು" ಎಂದ.

ಗೌತಮಿ ತಲೆ ಎತ್ತಿ, ಅವನ ಹಿಂದೆ ಬಂದು ನಿಂತಿದ್ದ ತಾಯಿಯನ್ನು ನೋಡಿದಳು. "ಪಪ್ಪಾ, ನಾಕು ಗಂಟೇಕಽ ಮುರ್ಡೇಶ್ವರಕ್ಕ ಟಿಕೆಟ್ ತಗದುಬಿಟ್ಟೇವಲ್ಲ."

"ಯಾವ ಊರಂತ ನಾ ಹೇಳೇ ಇರಲಿಲ್ಲಲ್ಲ?"

"ನಿಮಗ ತ್ರಾಸ ಆಗೂದು ಬ್ಯಾಡ ಅಂತ ನಾನು ಮಮ್ಮಿ ಫೋನಿನ್ಯಾಗ ಮಾತಾಡಿ ಮಾಡಿದ್ವಿ. ಮಾಲವಣಂದ್ರ ನೀವು ಮುಡಿಪು ತಿರುಗಿ ಕೊಡಬೇಕು, ಆಯಿ ಮುಂದ ಅಷ್ಟು ಹೇಳೂದು ನಿಮಗ ಆಗೂದಿಲ್ಲ ಅಂತ..." ಅವಳು ಮಾತು ನಿಲ್ಲಿಸಿ, ಸಮಾಧಾನ ಮಾಡುವ ದನಿಯಲ್ಲಿ ಮುಂದುವರಿಸಿದಳು. "ಇರಲಿ ಬಿಡ್ರಿ, ಅಲ್ಲೂ ಸಮುದ್ರ ಐತಿ. ನೀವು ಒಳಗ ಹೋಗಿ ಬರೂತನಕ ನಾವು ದಂಡಿ ಮ್ಯಾಲ ಕೂಡ್ತೀವಿ."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಮುಡಿಪು ಕೊಟ್ಟು ಬಂದೆ. ಎಲ್ಲಾ ಹೇಳಿದೆ" ಎಂದ. ಹೇಳುವಾಗಲೇ, ಗೊತ್ತಿದ್ದವಳಿಗೆ ಗೊತ್ತಿದ್ದದ್ದನ್ನು ಹೇಳಿ ಬಂದದ್ದಕ್ಕೆ ಎಷ್ಟು ಬೆಲೆ ಎಂದು ಅವನಿಗೇ ಅನಿಸಿತು. ಗೌತಮಿ ಪುಸ್ತಕ ಮುಚ್ಚಿದಳು.

"ಅದನ್ನ ರದ್ದು ಮಾಡು" ಎಂದ.

"ರದ್ದು ಮಾಡಿದ್ರ ಮುರ್ಡೇಶ್ವರದ್ದು ಮತ್ತ ಸಿಗೂದಿಲ್ಲ ಪಪ್ಪಾ. ಮಾಲವಣದ್ದು ನಾಕು ಸೀಟು ಉಳದಾವ, ಎಲ್ಲಾ ಹಿಂದಿನವು."

"ಮಾಡು."

ಅವಳು ಮೊಬೈಲು ಎತ್ತಿಕೊಂಡಳು. ಪರದೆಯ ಮೇಲೆ ಏನೇನೋ ದಾಟಿ, ಒಂದು ಕಡೆ ನಿಂತು, ಬೆರಳು ಒತ್ತುವ ಮೊದಲು ಅವನ ಮುಖ ನೋಡಿದಳು. ಗುಳಿಗೆ ತೆಗೆದುಕೊಂಡಿರಾ ಎಂದು ಕೇಳುವಾಗಿನ ದನಿಯಲ್ಲೇ ಕೇಳಿದಳು, "ಮುಂಜಾನೆ ಮತ್ತ ಬ್ಯಾರೆ ಹೇಳೂದಿಲ್ಲಲ್ಲ?"

ಇಲ್ಲ ಎನ್ನಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ಬೆರಳು ಎತ್ತಿ ಹಿಡಿದುಕೊಂಡು ಕಾದಳು.